ಹೆಸರು ಬರೆದುಕೊಂಡ ಸಂತ

ಕ್ರಿ.ಶ. 251ರ ಸುಮಾರಿಗೆ ರೋಮ್ ನಗರದ ಧರ್ಮಾಧ್ಯಕ್ಷರಾಗಿದ್ದ, ಅಂದರೆ ಬಿಷಪ್ ಆಗಿದ್ದ, ಕೊರ್ನೇಲಿಯಸ್ ಅವರು ಅಂತಿಯೋಕ್ಯದ ಧರ್ಮಾಧ್ಯಕ್ಷ ಫೇಬಿಯಸ್ ಅವರಿಗೆ ಒಂದು ಪತ್ರ ಬರೆದರು. ಅದರ ಒಂದು ಭಾಗವನ್ನು ಇತಿಹಾಸಕಾರ ಯುಸೇಬಿಯಸ್ ತಮ್ಮ ಧರ್ಮಸಭೆಯ ಚರಿತ್ರೆಯಲ್ಲಿ ಸೇರಿಸಿದ್ದರಿಂದ ಅದು ನಮ್ಮವರೆಗೆ ಬಂದಿದೆ. ಪತ್ರದ ವಿಷಯ ಒಂದು ಒಳಜಗಳ. ನೊವೇಷಿಯನ್ ಎಂಬ ಗುರು ತಾನೇ ರೋಮಿನ ನಿಜವಾದ ಧರ್ಮಾಧ್ಯಕ್ಷನೆಂದು ಎದ್ದು ನಿಂತಿದ್ದ ಕಾಲವದು. ಆ ವಾದದ ನಡುವೆ, ರೋಮಿನ ಸಭೆ, ಅಂದರೆ ಅಲ್ಲಿಯ ಕ್ರೈಸ್ತ ಸಮುದಾಯ, ಎಷ್ಟು ದೊಡ್ಡದೆಂದು ತಿಳಿಸುವುದಕ್ಕಾಗಿ, ಕೊರ್ನೇಲಿಯಸ್ ಒಂದು ಲೆಕ್ಕ ಕೊಡುತ್ತಾರೆ: ಗುರುಗಳು 46, ಸೇವಾದರ್ಶಿಗಳು 7, ಉಪಸೇವಾದರ್ಶಿಗಳು 7, ಪೀಠಸೇವಕರು 42, ದೆವ್ವ ಬಿಡಿಸುವವರು, ವಾಚಕರು ಮತ್ತು ದ್ವಾರಪಾಲಕರು ಸೇರಿ 52, ಇವರಲ್ಲದೆ ಸಭೆಯ ಆಸರೆಯಲ್ಲಿ ಬದುಕುವ ವಿಧವೆಯರು ಮತ್ತು ಕಷ್ಟದಲ್ಲಿರುವವರು 1500ಕ್ಕೂ ಹೆಚ್ಚು.

ಮೂವತ್ತು ವರ್ಷ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದ ನನಗೆ ಈ ಸಾಲುಗಳನ್ನು ಮೊದಲ ಸಲ ಓದಿದಾಗ ಮೈ ನವಿರೆದ್ದಿತು. ಸಾಮ್ರಾಜ್ಯದ ಕಾನೂನು ಒಪ್ಪದ, ಯಾವ ಕ್ಷಣದಲ್ಲಿ ಸೈನಿಕರು ಬಾಗಿಲು ಬಡಿಯುವರೋ ತಿಳಿಯದ ಒಂದು ಸಮುದಾಯ ಸಾವಿರದ ಐನೂರು ಬಡವರ ಲೆಕ್ಕವನ್ನು ಇಟ್ಟುಕೊಂಡಿತ್ತು. ಲೆಕ್ಕವೆಂದರೆ ಅಂದಾಜಲ್ಲ, ಯಾರಿಗೆ ಏನು ಸಂದಿದೆ, ಯಾರು ತೀರಿಕೊಂಡರು, ಯಾರು ಹೊಸದಾಗಿ ಬಂದರು ಎಂಬುದನ್ನು ಒಬ್ಬರು ಕುಳಿತು ಬರೆಯದೆ ಇಂಥ ಸಂಖ್ಯೆ ಹುಟ್ಟುವುದಿಲ್ಲ. ಆ ಬರವಣಿಗೆ ಸೇವಾದರ್ಶಿಗಳ, ಅಂದರೆ ಡೀಕನ್‌ಗಳ, ಕೆಲಸವಾಗಿತ್ತು. ಈ ಪತ್ರ ಬರೆದ ಏಳು ವರ್ಷಗಳ ಬಳಿಕ, 258ರ ಆಗಸ್ಟ್ ತಿಂಗಳಲ್ಲಿ, ಅದೇ ಏಳು ಸ್ಥಾನಗಳಲ್ಲೊಂದರಲ್ಲಿದ್ದ ಲಾರೆನ್ಸ್ ಎಂಬವರು ರಕ್ತಸಾಕ್ಷಿಯಾದರು, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. ನಮ್ಮ ಕರಾವಳಿಯ ಜನ ಅತ್ತೂರಿನ ಸಂತ ಲಾರೆನ್ಸರೆಂದು ಹರಕೆ ಹೊರುವುದು ಇವರಿಗೇ.

ಲಾರೆನ್ಸರ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಬ್ಬಿಣದ ಜಾಲರಿ. ಕೆಳಗೆ ಕೆಂಡ, ಮೇಲೆ ಸಂತರು. ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ನಾನೂ ಆ ಕಥೆಯನ್ನು ಕೇಳಿ ರಾತ್ರಿ ನಿದ್ದೆಗೆಟ್ಟವನು. ಆದರೆ ಅವರ ಚಿತ್ರಗಳಲ್ಲಿ ಎಷ್ಟೋ ಕಡೆ ಜಾಲರಿಯ ಜೊತೆಗೆ ಒಂದು ಪುಸ್ತಕವೂ ಇರುತ್ತದೆ. ಅದು ಶುಭಸಂದೇಶದ, ಅಂದರೆ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಯ, ಪುಸ್ತಕವೆಂದು ಬಲ್ಲವರು ಹೇಳುತ್ತಾರೆ, ಅದು ಸರಿಯೇ. ಆದರೂ ನನ್ನ ಕಣ್ಣಿಗೆ ಆ ಪುಸ್ತಕ ಬಹಳ ವರ್ಷಗಳಿಂದ ಬಡವರ ಹೆಸರಿನ ಪಟ್ಟಿಯಾಗಿಯೇ ಕಾಣುತ್ತ ಬಂದಿದೆ. ಈ ಬರಹ ಆ ಪಟ್ಟಿಯ ಕುರಿತಾದದ್ದು.

ಮೊದಲು ಆ ವರ್ಷದ ರೋಮನ್ನು ನೋಡೋಣ. ವಲೇರಿಯನ್ 253ರಲ್ಲಿ ಚಕ್ರವರ್ತಿಯಾದಾಗ ಕ್ರೈಸ್ತರ ವಿಷಯದಲ್ಲಿ ಮೃದುವಾಗಿಯೇ ಇದ್ದನೆಂದು, ಅವನ ಅರಮನೆಯಲ್ಲಿಯೇ ಅನೇಕ ಕ್ರೈಸ್ತರಿದ್ದರೆಂದು ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಡಯೋನೀಷಿಯಸ್ ಬರೆದಿದ್ದಾರೆ. ಆದರೆ ಪೂರ್ವದ ಗಡಿಯಲ್ಲಿ ಪರ್ಷಿಯನ್ನರು, ಉತ್ತರದಲ್ಲಿ ಜರ್ಮನ್ ಬುಡಕಟ್ಟುಗಳು, ಒಳಗೆ ಸಾಂಕ್ರಾಮಿಕ ರೋಗ, ನಾಣ್ಯಗಳಲ್ಲಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದ ಬೆಳ್ಳಿ ಎಲ್ಲವೂ ಒಟ್ಟಾಗಿ ಸಾಮ್ರಾಜ್ಯವನ್ನು ಹಿಂಡುತ್ತಿದ್ದ ಕಾಲವದು. 257ರ ಮೊದಲ ಆಜ್ಞೆಯಲ್ಲಿ ಧರ್ಮಾಧ್ಯಕ್ಷರೂ ಗುರುಗಳೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕು, ಕ್ರೈಸ್ತರು ಸಭೆ ಸೇರಬಾರದು, ತಮ್ಮ ಸಮಾಧಿ ಸ್ಥಳಗಳಿಗೆ ಹೋಗಬಾರದು ಎಂದಿತ್ತು. ಮರುವರ್ಷದ ಎರಡನೆಯ ಆಜ್ಞೆಯಲ್ಲಿ ಏನಿತ್ತೆಂಬುದು ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಅವರ ಪತ್ರದಿಂದ ನಮಗೆ ತಿಳಿಯುತ್ತದೆ. ಧರ್ಮಾಧ್ಯಕ್ಷರು, ಗುರುಗಳು, ಸೇವಾದರ್ಶಿಗಳನ್ನು ತಡಮಾಡದೆ ಕೊಲ್ಲಬೇಕು. ಕ್ರೈಸ್ತರಾದ ಸೆನೆಟ್ ಸದಸ್ಯರೂ ಕುಲೀನರೂ ಪದವಿಯನ್ನು, ಆಸ್ತಿಯನ್ನು ಕಳೆದುಕೊಳ್ಳಬೇಕು, ಆಮೇಲೂ ಬಗ್ಗದಿದ್ದರೆ ತಲೆಯನ್ನೂ. ಕುಲೀನ ಸ್ತ್ರೀಯರ ಆಸ್ತಿ ಮುಟ್ಟುಗೋಲು ಹಾಕಿ ಗಡಿಪಾರು ಮಾಡಬೇಕು. ಅರಮನೆಯ ನೌಕರರನ್ನು ಸರಪಳಿ ಬಿಗಿದು ಚಕ್ರವರ್ತಿಯ ಜಮೀನುಗಳಲ್ಲಿ ದುಡಿಯಲು ಕಳುಹಿಸಬೇಕು. ಈ ಆಜ್ಞೆಯಲ್ಲಿ ದೇವರ ಮಾತಿಗಿಂತ ಆಸ್ತಿಯ ಮಾತೇ ಹೆಚ್ಚೆಂದು ನನಗೆ ಅನಿಸುತ್ತದೆ. ಬೊಕ್ಕಸ ಬರಿದಾದ ರಾಜನ ಕಣ್ಣು ಯಾವಾಗಲೂ ಇನ್ನೊಬ್ಬರ ಪೆಟ್ಟಿಗೆಯ ಮೇಲೆ ಬೀಳುತ್ತದೆ.

ಅದೇ ಪತ್ರದಲ್ಲಿ ಸಿಪ್ರಿಯನ್ ಇನ್ನೊಂದು ಸುದ್ದಿಯನ್ನು ಬರೆಯುತ್ತಾರೆ: ಆಗಸ್ಟ್ 6ರಂದು ರೋಮಿನ ಧರ್ಮಾಧ್ಯಕ್ಷ ಸಿಕ್ಸ್ಟಸ್ ಅವರನ್ನು ಸಮಾಧಿ ಸ್ಥಳದಲ್ಲಿಯೇ ಕೊಲ್ಲಲಾಯಿತು, ಅವರ ಜೊತೆ ನಾಲ್ವರು ಸೇವಾದರ್ಶಿಗಳನ್ನೂ. ಬಳಿಕ ಪೋಪ್ ದಮಾಸಸ್ ಆ ಸ್ಥಳದಲ್ಲಿ ಕೆತ್ತಿಸಿದ ಕಾವ್ಯಶಾಸನದ ಪ್ರಕಾರ ಸೈನಿಕರು ನುಗ್ಗಿದಾಗ ಸಿಕ್ಸ್ಟಸ್ ತಮ್ಮ ಪೀಠದಲ್ಲಿ ಕುಳಿತು ಜನರಿಗೆ ಬೋಧಿಸುತ್ತಿದ್ದರು. ಈ ಸುದ್ದಿ ಬರೆದ ಸಿಪ್ರಿಯನ್ ಅವರ ತಲೆಯೂ ಅದೇ ವರ್ಷ ಸೆಪ್ಟೆಂಬರ್ 14ರಂದು ಉರುಳಿತು.

ರೋಮಿನ ಧರ್ಮಾಧ್ಯಕ್ಷರು ಹೋದರು, ಅವರೊಂದಿಗೆ ನಾಲ್ವರು ಸೇವಾದರ್ಶಿಗಳು ಹೋದರು. ಉಳಿದವರಲ್ಲಿ ಲಾರೆನ್ಸ್ ಒಬ್ಬರು. ಸಭೆಯ ಭಂಡಾರದ ಹೊಣೆಯೂ ಬಡವರ ಹಂಚಿಕೆಯ ಹೊಣೆಯೂ ಅವರದಾಗಿತ್ತೆಂದು ಪರಂಪರೆ ಹೇಳುತ್ತದೆ. ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರು ನಾಲ್ಕನೆಯ ಶತಮಾನದ ಕೊನೆಯಲ್ಲಿ, ತಮ್ಮ ಗುರುಗಳಿಗೆ ಕರ್ತವ್ಯದ ಪಾಠ ಹೇಳುತ್ತ, ಲಾರೆನ್ಸರ ಕಥೆಯನ್ನು ಬರೆದಿದ್ದಾರೆ. ಕೊಲೆಗೆ ಕರೆದೊಯ್ಯುತ್ತಿದ್ದ ಸಿಕ್ಸ್ಟಸರನ್ನು ಕಂಡು ಲಾರೆನ್ಸ್ ಅಳುತ್ತಾರೆ. ಸಾವಿಗಾಗಿ ಅಲ್ಲ, ತಾನು ಹಿಂದುಳಿದುದಕ್ಕಾಗಿ. ಮಗನನ್ನು ಬಿಟ್ಟು ಎಲ್ಲಿಗೆ ಹೊರಟಿರಿ ತಂದೆಯೇ, ಸೇವಾದರ್ಶಿಯಿಲ್ಲದೆ ನೀವು ಎಂದೂ ಬಲಿ ಅರ್ಪಿಸಿದವರಲ್ಲವಲ್ಲ ಎಂದು ಕೇಳುತ್ತಾರೆ. ಅದಕ್ಕೆ ಸಿಕ್ಸ್ಟಸ್, ಮಗನೇ, ನಿನ್ನನ್ನು ನಾನು ಕೈಬಿಡುತ್ತಿಲ್ಲ, ಇನ್ನು ಮೂರು ದಿನದಲ್ಲಿ ನೀನೂ ನನ್ನ ಹಿಂದೆ ಬರುವೆ ಎನ್ನುತ್ತಾರೆ.

ಆ ಮೂರು ದಿನಗಳೇ ನನ್ನ ವಿಷಯ.

ಆಂಬ್ರೋಸರು ಅದನ್ನು ಚುಟುಕಾಗಿ ಹೇಳಿ ಮುಗಿಸುತ್ತಾರೆ: ಸಭೆಯ ಸಂಪತ್ತನ್ನು ಒಪ್ಪಿಸೆಂದು ಕೇಳಿದಾಗ ಲಾರೆನ್ಸ್ ಒಪ್ಪಿಕೊಂಡು, ಮರುದಿನ ಬಡವರನ್ನು ಕರೆತಂದು, ಇವರೇ ಸಭೆಯ ಸಂಪತ್ತು ಎಂದರು. ಆದರೆ ಸ್ಪೇನಿನ ಕವಿ ಪ್ರುಡೆನ್ಷಿಯಸ್, 400ರ ಆಸುಪಾಸಿನಲ್ಲಿ ರಕ್ತಸಾಕ್ಷಿಗಳ ಕುರಿತು ಬರೆದ ಲ್ಯಾಟಿನ್ ಪದ್ಯಗಳಲ್ಲಿ, ಇದೇ ಸಂಗತಿಯನ್ನು ನಿಧಾನವಾಗಿ, ಕಣ್ಣಿಗೆ ಕಟ್ಟುವಂತೆ ಹೇಳಿದ್ದಾನೆ. ನಗರಾಧಿಕಾರಿ ಲಾರೆನ್ಸರನ್ನು ಕರೆಸಿ, ನೀವು ಬಂಗಾರದ ಪಾತ್ರೆಗಳಲ್ಲಿ ಪೂಜೆ ಮಾಡುತ್ತೀರಂತೆ, ಬೆಳ್ಳಿಯ ಬಟ್ಟಲುಗಳಲ್ಲಿ ರಕ್ತ ಹೊಗೆಯಾಡುತ್ತದಂತೆ, ಬಂಗಾರದ ದೀಪಸ್ತಂಭಗಳಲ್ಲಿ ಮೇಣದ ಬತ್ತಿ ಉರಿಯುತ್ತದಂತೆ, ಅವನ್ನೆಲ್ಲ ತಂದೊಪ್ಪಿಸು, ಚಕ್ರವರ್ತಿಯ ಮುಖ ಅಚ್ಚಾದ ನಾಣ್ಯ ಚಕ್ರವರ್ತಿಗೇ ಸಲ್ಲಲಿ ಎನ್ನುತ್ತಾನೆ. ಲಾರೆನ್ಸ್ ಸಿಟ್ಟಾಗುವುದಿಲ್ಲ. ನಮ್ಮ ಸಭೆ ಶ್ರೀಮಂತವೆಂಬುದು ನಿಜ, ಇಷ್ಟು ದೊಡ್ಡ ಸಂಪತ್ತನ್ನು ಪಟ್ಟಿ ಮಾಡಿ ಮೊತ್ತ ಹಾಕಲು ಸ್ವಲ್ಪ ಕಾಲಾವಕಾಶ ಬೇಕು ಎನ್ನುತ್ತಾರೆ. ಅಧಿಕಾರಿ ಸಂತೋಷದಿಂದ ಮೂರು ದಿನ ಕೊಡುತ್ತಾನೆ.

ಆ ಮೂರು ದಿನ ಲಾರೆನ್ಸ್ ರೋಮಿನ ಬೀದಿಗಳಲ್ಲಿ ಓಡಾಡುತ್ತಾರೆ. ಎರಡು ಕಣ್ಣೂ ಇಲ್ಲದೆ, ತಡವರಿಸುವ ಹೆಜ್ಜೆಯನ್ನು ಕೋಲಿನಿಂದ ಮುನ್ನಡೆಸಿಕೊಂಡು ಬರುವವನೊಬ್ಬ. ಮಂಡಿ ಮುರಿದ ಕುಂಟನೊಬ್ಬ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾದವನೊಬ್ಬ. ಮೈತುಂಬ ಹುಣ್ಣಾಗಿ ಕೀವು ಸೋರುವವನೊಬ್ಬ. ಬಲಗೈ ಒಣಗಿ ನರಗಳು ಮೊಣಕೈಯವರೆಗೆ ಸೆಟೆದುಕೊಂಡವನೊಬ್ಬ. ಇಂಥವರನ್ನು ಅವರು ಚೌಕಗಳಲ್ಲಿ ಹುಡುಕಿ ಕರೆತರುತ್ತಾರೆ. ಹುಡುಕಿ ಎಂದರೆ ತಪ್ಪಾದೀತು, ಏಕೆಂದರೆ ಇವರೆಲ್ಲ ಸಭೆಯ ಅನ್ನ ಉಂಡವರು, ಲಾರೆನ್ಸರಿಗೆ ಮೊದಲೇ ಗುರುತಿದ್ದವರು ಎಂದು ಕವಿಯೇ ಹೇಳುತ್ತಾನೆ. ಆಮೇಲೆ ಬರುವ ಒಂದು ಸಾಲಿಗಾಗಿ ನಾನು ಈ ಪದ್ಯವನ್ನು ಮತ್ತೆ ಮತ್ತೆ ಓದಿದ್ದೇನೆ. ಲಾರೆನ್ಸ್ ಅವರೆಲ್ಲರನ್ನು ಎಣಿಸುತ್ತಾರೆ, ಒಬ್ಬೊಬ್ಬರ ಹೆಸರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳುತ್ತಾರೆ, ಬಳಿಕ ದೇವಾಲಯದ ಮುಂದೆ ಉದ್ದನೆಯ ಸಾಲಿನಲ್ಲಿ ನಿಲ್ಲಿಸುತ್ತಾರೆ.

ಇನ್ನು ಕೆಲವೇ ಗಂಟೆಗಳಲ್ಲಿ ಸಾವು ಕಾದಿದೆಯೆಂದು ತಿಳಿದ ಮನುಷ್ಯ ಹೆಸರು ಬರೆಯುತ್ತ ಕುಳಿತ. ಬಡವರ ಒಂದು ಗುಂಪು ಎಂದು ಅವರನ್ನು ತೋರಿಸಿದ್ದರೂ ಅಧಿಕಾರಿಗೆ ಕೊಡಬೇಕಾದ ಉತ್ತರ ಕೊಟ್ಟಂತೆಯೇ ಆಗುತ್ತಿತ್ತು. ಆದರೆ ಭಂಡಾರವನ್ನು ಒಪ್ಪಿಸುವುದೆಂದರೆ ಪಟ್ಟಿ ಸಹಿತ ಒಪ್ಪಿಸಬೇಕು, ಒಂದೊಂದು ಪದಾರ್ಥವೂ ಒಂದೊಂದು ಸಾಲಿನಲ್ಲಿ ಬರಬೇಕು. ಇದು ಲೆಕ್ಕದ ಮನೆಯ ನಿಯಮ. ಚಿನ್ನದ ಬಟ್ಟಲಿಗೆ ಸಲ್ಲಬೇಕಾದ ಸಾಲು ಕೀವು ಸೋರುವ ಮನುಷ್ಯನಿಗೆ ಸಂದಿತು. ಈ ಕಥೆಯಲ್ಲಿ ಎಷ್ಟು ಪಾಲು ಇತಿಹಾಸ, ಎಷ್ಟು ಪಾಲು ಕವಿಯದು ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಘಟನೆಗೂ ಪದ್ಯಕ್ಕೂ ನಡುವೆ ಸುಮಾರು 140 ವರ್ಷಗಳ ಅಂತರವಿದೆ. ಆದರೆ ಪಟ್ಟಿಯೊಂದಿತ್ತು ಎಂಬುದಕ್ಕೆ ಕೊರ್ನೇಲಿಯಸರ ಪತ್ರವೇ ಸಾಕ್ಷಿ. ಆ ಸಾವಿರದ ಐನೂರು ಜನ ಕವಿಯ ಕಲ್ಪನೆಯಲ್ಲ.

ಸೇವಾದರ್ಶಿ ಎಂಬ ಹುದ್ದೆಯ ಮೂಲವನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಬೈಬಲಿನಲ್ಲಿ, ಯೇಸುವಿನ ಆಪ್ತ ಶಿಷ್ಯರಾದ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಸಭೆಯೊಳಗೆ ಒಂದು ಗೊಣಗಾಟ ಏಳುತ್ತದೆ: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು. ಪ್ರೇಷಿತರು ಅದನ್ನು ಸಣ್ಣ ವಿಷಯವೆಂದು ತಳ್ಳಿಹಾಕದೆ ಏಳು ಜನರನ್ನು ಆರಿಸಲು ಸಭೆಗೆ ಹೇಳಿ, ಆರಿಸಿದವರ ತಲೆಯ ಮೇಲೆ ಕೈಯಿಟ್ಟು, ಆ ಹೊಣೆಯನ್ನು ವಹಿಸುತ್ತಾರೆ. ರೋಮಿನಲ್ಲಿ ಸೇವಾದರ್ಶಿಗಳು ಏಳೇ ಜನ ಇದ್ದುದು ಈ ಏಳರ ನೆನಪಿನಲ್ಲಿಯೇ. ಅಂದರೆ ಈ ಸೇವೆ ಹುಟ್ಟಿದ್ದೇ ಕೆಲವು ಬಡ ಹೆಂಗಸರು ಲೆಕ್ಕದಿಂದ ತಪ್ಪಿಹೋದ ಕಾರಣಕ್ಕೆ. ಆ ಏಳರಲ್ಲಿ ಮೊದಲನೆಯವರು ಸ್ತೆಫಾನ, ಕ್ರೈಸ್ತರಲ್ಲಿ ಮೊದಲನೆಯ ರಕ್ತಸಾಕ್ಷಿ. ಜೆರುಸಲೇಮಿಗೆ ಸ್ತೆಫಾನ ಹೇಗೋ ರೋಮಿಗೆ ಲಾರೆನ್ಸ್ ಹಾಗೆ ಎಂದು ಪೋಪ್ ಮಹಾ ಲಿಯೋ ಐದನೆಯ ಶತಮಾನದಲ್ಲಿ ಲಾರೆನ್ಸರ ಹಬ್ಬದ ದಿನ ಬೋಧಿಸಿದ್ದರು.

ಲೆಕ್ಕದಿಂದ ತಪ್ಪಿಹೋಗುವುದೆಂದರೆ ಏನೆಂದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಿವೃತ್ತನಾದ ಮೇಲೆ ನಮ್ಮ ಧರ್ಮಕೇಂದ್ರದಲ್ಲಿ ತಿಂಗಳಿಗೊಮ್ಮೆ ಅಕ್ಕಿ, ಬೇಳೆ, ಎಣ್ಣೆ ಪಡೆಯುವ ಮನೆಗಳ ಪುಸ್ತಕವನ್ನು ಬರೆಯುವ ಕೆಲಸ ನನಗೆ ಬಂತು. ಆಗ ಇಪ್ಪತ್ತಾರು ಮನೆಗಳಿದ್ದವು. ಹಳೆಯ ಪುಸ್ತಕದ ಹೊಲಿಗೆ ಬಿಚ್ಚಿಹೋಗಿತ್ತು. ಒಂದು ಮಳೆಗಾಲದಲ್ಲಿ ಹೊಸ ಪುಸ್ತಕ ತಂದು, ಹೆಸರುಗಳನ್ನೆಲ್ಲ ಅಂದವಾಗಿ ನಕಲು ಮಾಡಿದೆ. ಎರಡು ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ನಡುವಿನ ಪುಟದಲ್ಲಿ ಒಂದೇ ಹೆಸರಿತ್ತು, ಗುಡ್ಡೆಯಾಚೆ ಒಬ್ಬರೇ ಇರುತ್ತಿದ್ದ ಅಜ್ಜಿಯೊಬ್ಬರದು. ಆಗಸ್ಟ್ ಆಯಿತು, ಸೆಪ್ಟೆಂಬರ್ ಆಯಿತು. ಅಜ್ಜಿ ಕೇಳಲು ಬರಲಿಲ್ಲ. ಅಕ್ಟೋಬರಿನಲ್ಲಿ ಪೂಜೆ ಮುಗಿಸಿ ಹೊರಬರುವಾಗ ಅವರೇ ಎದುರಾದರು. ಮುಖ ಕಂಡ ಕೂಡಲೇ ನನಗೆ ನೆನಪಾಯಿತು. ಯಾಕೆ ಬರಲಿಲ್ಲ ಅಜ್ಜಿ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಬಂದಿದ್ದೆ ಮಗಾ. ಪುಸ್ತಕದಲ್ಲಿ ಹೆಸರಿಲ್ಲ ಅಂದರು. ಯಾರೋ ಹೇಳಿ ತೆಗೆಸಿರಬೇಕು ಅಂದುಕೊಂಡೆ."

ತೆಗೆಸಿದವರು ಯಾರೂ ಇರಲಿಲ್ಲ, ಅಂಟಿದ ಎರಡು ಹಾಳೆಗಳನ್ನು ಬಿಡಿಸಿ ನೋಡದ ನನ್ನ ಕೈ ಇತ್ತು. ಆ ದಿನವೇ ಮೂರು ತಿಂಗಳ ಅಕ್ಕಿಯನ್ನು ಮನೆಗೆ ಮುಟ್ಟಿಸಿದೆ. ಆದರೆ ಎರಡು ತಿಂಗಳ ಕಾಲ ಅವರು ತಮ್ಮನ್ನು ಯಾರೋ ಬೇಡವೆಂದರು ಎಂದು ತಿಳಿದು ಬದುಕಿದರಲ್ಲ, ಅದನ್ನು ಮುಟ್ಟಿಸಿ ಸರಿಪಡಿಸಲು ಬರುವುದಿಲ್ಲ. ಪ್ರುಡೆನ್ಷಿಯಸನ ಆ ಸಾಲು ನನ್ನೊಳಗೆ ಇಳಿದದ್ದು ಆಮೇಲೆ.

ಇನ್ನು ಜಾಲರಿಯ ವಿಷಯ. ಓದುವವರಲ್ಲಿ ಕೆಲವರಾದರೂ ಕೇಳಬಹುದಾದ್ದರಿಂದ ಹೇಳಬೇಕು. ವಲೇರಿಯನನ ಆಜ್ಞೆ ಸೇವಾದರ್ಶಿಗಳನ್ನು ತಡಮಾಡದೆ ಕೊಲ್ಲಲು ಹೇಳಿತ್ತು. ಸಿಕ್ಸ್ಟಸರ ಸಾವು ಕತ್ತಿಯಿಂದಾಯಿತು. ಲಾರೆನ್ಸರ ಸಾವೂ ಹಾಗೆಯೇ ಆಗಿರಬೇಕು, ನಿಧಾನವಾಗಿ ಸುಡುವ ಶಿಕ್ಷೆ ಆ ಆಜ್ಞೆಗೆ ಹೊಂದುವುದಿಲ್ಲ ಎಂದು ಹಲವು ಇತಿಹಾಸಕಾರರು ವಾದಿಸಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ರಕ್ತಸಾಕ್ಷಿಗಳ ಮರಣವನ್ನು ಬರೆಯುವಾಗ 'ಪಾಸ್ಸುಸ್ ಎಸ್ತ್', ಅಂದರೆ ಯಾತನೆಪಟ್ಟರು, ಎಂದು ಬರೆಯುವುದು ವಾಡಿಕೆ. ನಕಲು ಮಾಡುವವನ ಕೈಯಲ್ಲಿ ಮೊದಲ ಅಕ್ಷರ ಬಿಟ್ಟುಹೋಗಿ 'ಆಸ್ಸುಸ್ ಎಸ್ತ್', ಅಂದರೆ ಸುಡಲ್ಪಟ್ಟರು, ಎಂದಾಗಿರಬಹುದೆಂಬ ಊಹೆಯೂ ಒಂದಿದೆ. ಊಹೆ ಜಾಣತನದ್ದು, ಆದರೆ ಒಂದು ಅಕ್ಷರದ ಮೇಲೆ ಅಷ್ಟು ಭಾರ ಹೊರಿಸಲು ನನಗೆ ಮನಸ್ಸಾಗುವುದಿಲ್ಲ. 366ರಿಂದ 384ರವರೆಗೆ ಪೋಪ್ ಆಗಿದ್ದ ದಮಾಸಸರ ಶಾಸನದಲ್ಲಿಯೇ ಪೆಟ್ಟು, ಕಟುಕರು, ಬೆಂಕಿ, ಚಿತ್ರಹಿಂಸೆ, ಸರಪಳಿ ಇವೆಲ್ಲವನ್ನು ಲಾರೆನ್ಸರ ವಿಶ್ವಾಸವೊಂದೇ ಗೆದ್ದಿತು ಎಂಬ ಮಾತಿದೆ. ಬೆಂಕಿಯ ನೆನಪು ರೋಮಿನಲ್ಲಿ ಅಷ್ಟು ಹಳೆಯದು. ಒಂದು ಮಗ್ಗುಲು ಬೆಂದಿದೆ, ತಿರುಗಿಸಿ ತಿನ್ನು ಎಂದು ಲಾರೆನ್ಸ್ ಹೇಳಿದರೆಂಬ ಪ್ರಸಿದ್ಧ ಮಾತು ಆಂಬ್ರೋಸರಲ್ಲಿಯೇ ಬರುತ್ತದೆ. ಆ ಮಾತಿನಿಂದಾಗಿ ಅವರು ಅಡುಗೆಯವರ ಪಾಲಕ ಸಂತರೂ ಆದರು. ಕತ್ತಿಯೋ ಬೆಂಕಿಯೋ, ಅವರು ಸತ್ತ ದಿನ ಮತ್ತು ಮಣ್ಣಾದ ಸ್ಥಳದ ಬಗ್ಗೆ ಸಂದೇಹವಿಲ್ಲ: 354ರ ರೋಮನ್ ಪಂಚಾಂಗದಲ್ಲಿ ಆಗಸ್ಟ್ 10ರಂದು, ತಿಬುರ್ತೀನಾ ರಸ್ತೆಯಲ್ಲಿ, ಲಾರೆನ್ಸ್ ಎಂದು ನಮೂದಾಗಿದೆ. ಅದೂ ಒಂದು ಪಟ್ಟಿಯೇ, ರಕ್ತಸಾಕ್ಷಿಗಳ ಪಟ್ಟಿ.

ವಲೇರಿಯನನ ಕಥೆ 260ರಲ್ಲಿ ಮುಗಿಯಿತು. ಎಡೆಸ್ಸಾದ ಬಳಿ ಪರ್ಷಿಯಾದ ಒಂದನೆಯ ಶಾಪುರನ ಕೈಗೆ ಸೆರೆಸಿಕ್ಕು ಅವನು ಮತ್ತೆ ರೋಮಿಗೆ ಮರಳಲಿಲ್ಲ. ಅವನ ಮಗ ಗ್ಯಾಲಿಯೀನಸ್ ಹಿಂಸೆಯನ್ನು ನಿಲ್ಲಿಸಿ, ಕಿತ್ತುಕೊಂಡ ಸ್ಥಳಗಳನ್ನು ಕ್ರೈಸ್ತರಿಗೆ ಹಿಂದಿರುಗಿಸಿದ.

ತಿಬುರ್ತೀನಾ ರಸ್ತೆಯ ಆ ಸಮಾಧಿಯ ಬಳಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಸಿಲಿಕಾ, ಅಂದರೆ ಒಂದು ದೊಡ್ಡ ದೇವಾಲಯ, ಕಟ್ಟಿಸಿದ. ಆರನೆಯ ಶತಮಾನದ ಕೊನೆಗೆ ಪೋಪ್ ಎರಡನೆಯ ಪೆಲಾಜಿಯಸ್ ಸಮಾಧಿಯ ಮೇಲೆಯೇ ಹೊಸ ದೇವಾಲಯ ಕಟ್ಟಿಸಿದರು. ಸ್ತೆಫಾನರ ಅವಶೇಷಗಳನ್ನೂ ಲಾರೆನ್ಸರ ಮಗ್ಗುಲಲ್ಲಿ ಇರಿಸಲಾಯಿತೆಂಬುದು ಪರಂಪರೆ. ಜೆರುಸಲೇಮಿನ ಸೇವಾದರ್ಶಿಯೂ ರೋಮಿನ ಸೇವಾದರ್ಶಿಯೂ ಒಂದೇ ಪೀಠದ ಕೆಳಗೆ. ಹದಿಮೂರನೆಯ ಶತಮಾನದಲ್ಲಿ ಪೋಪ್ ಮೂರನೆಯ ಹೊನೋರಿಯಸ್ ಅದನ್ನು ವಿಸ್ತರಿಸಿದರು. 1943ರ ಜುಲೈ 19ರಂದು ಮಿತ್ರರಾಷ್ಟ್ರಗಳ ವಿಮಾನಗಳು ಪಕ್ಕದ ರೈಲು ಅಂಗಳದ ಮೇಲೆ ಸುರಿಸಿದ ಬಾಂಬುಗಳು ಸಂತ ಲಾರೆನ್ಸರ ಹೆಸರಿನ ಆ ಬಡಾವಣೆಯನ್ನು ನುಚ್ಚುನೂರು ಮಾಡಿ, ಬಸಿಲಿಕಾದ ಮುಂಭಾಗವನ್ನೂ ಚಾವಣಿಯನ್ನೂ ಕೆಡವಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಕೂಲಿಕಾರರ ಮನೆಗಳವರು. ಪೋಪ್ ಹನ್ನೆರಡನೆಯ ಪಿಯುಸ್ ಅಂದೇ ವ್ಯಾಟಿಕನ್ನಿನಿಂದ ಹೊರಬಂದು ಆ ಅವಶೇಷಗಳ ನಡುವೆ ಜನರೊಂದಿಗೆ ನಿಂತು ಪ್ರಾರ್ಥಿಸಿದರು. ಬಸಿಲಿಕಾವನ್ನು ಬಿದ್ದ ಕಲ್ಲುಗಳಿಂದಲೇ ಆದಷ್ಟು ಮಟ್ಟಿಗೆ ಮತ್ತೆ ಎತ್ತಿ ಕಟ್ಟಲಾಗಿದೆ.

ಅವರ ಹೆಸರು ಜಗತ್ತಿನಲ್ಲಿ ಎಲ್ಲೆಲ್ಲಿ ಹರಡಿತೆಂದು ಹೇಳುತ್ತ ಹೋದರೆ ಮುಗಿಯುವುದಿಲ್ಲ. 1535ರ ಆಗಸ್ಟ್ 10ರಂದು ಫ್ರೆಂಚ್ ನಾವಿಕ ಜಾಕ್ ಕಾರ್ತಿಯೆ ಕೆನಡಾದ ಒಂದು ಕೊಲ್ಲಿಗೆ ಇಟ್ಟ ಹೆಸರು ಮುಂದೆ ಒಂದು ಮಹಾನದಿಯ ಹೆಸರಾಯಿತು. ಸ್ಪೇನಿನ ದೊರೆ ಎರಡನೆಯ ಫಿಲಿಪ್ 1557ರ ಆಗಸ್ಟ್ 10ರಂದು ಯುದ್ಧ ಗೆದ್ದ ನೆನಪಿಗೆ ಎಲ್ ಎಸ್ಕೋರಿಯಾಲ್ ಎಂಬ ಬೃಹತ್ ಮಠ ಮತ್ತು ಅರಮನೆಯನ್ನು ಕಟ್ಟಿಸಿದ. ಆಗಸ್ಟ್ ಎರಡನೆಯ ವಾರದಲ್ಲಿ ಆಕಾಶದಿಂದ ಸುರಿಯುವ ಉಲ್ಕೆಗಳನ್ನು ಇಟಲಿಯ ಜನ ಇಂದಿಗೂ ಸಂತ ಲಾರೆನ್ಸರ ಕಣ್ಣೀರು ಎನ್ನುತ್ತಾರೆ. ಇವುಗಳಲ್ಲಿ ಉಲ್ಕೆಯ ಮಾತು ನನಗೆ ಇಷ್ಟ. ಅರಮನೆ ಅವರಿಗೆ ಒಪ್ಪುವ ಸ್ಮಾರಕವೆಂದು ನನಗೆ ಅನಿಸಿಲ್ಲ.

ಅವರಿಗೆ ಒಪ್ಪುವ ಚಿತ್ರವೆಂದರೆ ವ್ಯಾಟಿಕನ್ ಅರಮನೆಯೊಳಗೆ ಪೋಪ್ ಐದನೆಯ ನಿಕೋಲಸರ ಪುಟ್ಟ ಪ್ರಾರ್ಥನಾ ಮಂದಿರದಲ್ಲಿದೆ. ಹದಿನೈದನೆಯ ಶತಮಾನದ ನಡುವೆ ಫ್ರಾ ಆಂಜೆಲಿಕೋ ಎಂಬ ಸನ್ಯಾಸಿ ಚಿತ್ರಕಾರರು ಅಲ್ಲಿಯ ಗೋಡೆಗಳ ಮೇಲೆ ಸ್ತೆಫಾನರ ಮತ್ತು ಲಾರೆನ್ಸರ ಕಥೆಗಳನ್ನು ಒಂದರ ಮೇಲೊಂದು ಸಾಲಾಗಿ ಬರೆದರು. ಅದರ ಒಂದು ಭಾಗದಲ್ಲಿ ಲಾರೆನ್ಸರು ದೇವಾಲಯದ ಬಾಗಿಲ ಮುಂದೆ, ಬಂಗಾರದ ಕಿಡಿಗಳಿರುವ ಗುಲಾಬಿ ಬಣ್ಣದ ಉಡುಪಿನಲ್ಲಿ, ಹಣ ಹಂಚುತ್ತ ನಿಂತಿದ್ದಾರೆ. ನೆಲದ ಮೇಲೆ ಕುಳಿತ ಕಾಲಿಲ್ಲದವನೊಬ್ಬ ಕೈ ಚಾಚಿದ್ದಾನೆ. ಬಲಗಡೆಯಲ್ಲಿ ಕಣ್ಣಿಲ್ಲದವನೊಬ್ಬ ಕೋಲೂರಿಕೊಂಡು, ಇನ್ನೊಂದು ಕೈಯಿಂದ ಗಾಳಿಯನ್ನು ತಡವುತ್ತ ಬರುತ್ತಿದ್ದಾನೆ. ಮಗುವನ್ನೆತ್ತಿಕೊಂಡ ತಾಯಿಯಿದ್ದಾಳೆ, ಮುದುಕರಿದ್ದಾರೆ. ಯಾರ ಮುಖವೂ ಇನ್ನೊಬ್ಬರ ಮುಖದಂತಿಲ್ಲ. ಇದಕ್ಕಿಂತ ಸಾವಿರ ವರ್ಷ ಹಳೆಯದು ಇಟಲಿಯ ರವೆನ್ನಾದಲ್ಲಿ, ಗಾಲಾ ಪ್ಲಾಸೀಡಿಯಾಳ ಸಮಾಧಿ ಮಂದಿರವೆನ್ನುವ ಕಟ್ಟಡದೊಳಗಿರುವ ಮೊಸಾಯಿಕ್ ಚಿತ್ರ: ನಡುವೆ ಉರಿಯುವ ಜಾಲರಿ, ಎಡಗಡೆ ಬಾಗಿಲು ತೆರೆದ ಕಪಾಟಿನಲ್ಲಿ ನಾಲ್ಕು ಶುಭಸಂದೇಶಗಳು, ಬಲಗಡೆಯಿಂದ ಹೆಗಲ ಮೇಲೆ ಶಿಲುಬೆ, ಕೈಯಲ್ಲಿ ಬಿಚ್ಚಿದ ಪುಸ್ತಕ ಹಿಡಿದು ಬಟ್ಟೆ ಹಾರಿಸಿಕೊಂಡು ಬರುತ್ತಿರುವ ಸಂತ. ಅವರು ಲಾರೆನ್ಸರೆಂದೇ ಹೆಚ್ಚಿನವರು ಗುರುತಿಸುತ್ತಾರೆ. ಪುಸ್ತಕವನ್ನು ಅವರು ಬಿಚ್ಚಿಯೇ ಹಿಡಿದಿದ್ದಾರೆ, ಓದುತ್ತಿದ್ದವರು ಎದ್ದು ಬಂದ ಹಾಗೆ.

ನಮ್ಮ ನಾಡಿಗೆ ಲಾರೆನ್ಸರು ಬಂದದ್ದು ಗೋವೆಯ ದಾರಿಯಿಂದ. ಕಾರ್ಕಳ ತಾಲೂಕಿನ ಅತ್ತೂರಿನಲ್ಲಿ 1759ರಲ್ಲಿ ಅವರ ಹೆಸರಿನ ಮೊದಲ ಚರ್ಚು ಎದ್ದಿತು. 1784ರಲ್ಲಿ ಕೆನರಾ ಪ್ರಾಂತ್ಯದ ಕ್ರೈಸ್ತರನ್ನು ಟಿಪ್ಪುವಿನ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಆ ಚರ್ಚೂ ನೆಲಸಮವಾಯಿತು. ಮರಳಿ ಬಂದವರು ಮತ್ತೆ ಕಟ್ಟಿಕೊಂಡರು. ಹಿರಿಯರು ಹೇಳುತ್ತ ಬಂದ ಕಥೆಯಂತೆ 1839ರಲ್ಲಿ ಅಂದಿನ ಧರ್ಮಗುರು ಹೊಸ ಚರ್ಚಿಗೆ ಜಾಗ ಹುಡುಕುತ್ತ, ಸಂತರ ಮರದ ಮೂರ್ತಿಯನ್ನು ಹೊತ್ತು, ಕೆಲವರೊಂದಿಗೆ ನಡೆದು ಬಂದರು. ಗುಡ್ಡದ ಬುಡದಲ್ಲಿ ನೀರಿನ ಒರತೆ ಕಂಡು, ಬಾಯಾರಿಕೆ ತೀರಿಸಿಕೊಳ್ಳಲು ಮೂರ್ತಿಯನ್ನು ನೆಲದ ಮೇಲಿರಿಸಿದರು. ಮತ್ತೆ ಎತ್ತಲು ಹೋದರೆ ಮೂರ್ತಿ ಅಲುಗಾಡಲಿಲ್ಲ. ಇಲ್ಲಿಯೇ ನಿಮಗೆ ಆಲಯ ಕಟ್ಟುತ್ತೇವೆ ಎಂದು ಮಾತು ಕೊಟ್ಟ ಮೇಲೆಯೇ ಅದು ಮೇಲೆದ್ದಿತು. ಆ ನೀರಿನ ಕೊಳ ಇಂದಿಗೂ ಇದೆ. 2016ರಲ್ಲಿ ಈ ದೇವಾಲಯ ಬಸಿಲಿಕಾ ಪದವಿ ಪಡೆಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿಯವರ ಬಸಿಲಿಕಾದ ಬಳಿಕ ಈ ಗೌರವ ಸಂದದ್ದು ಇದಕ್ಕೆ.

ಆಗಸ್ಟ್ 10 ನಮ್ಮಲ್ಲಿ ಆಟಿ ತಿಂಗಳ ಮಳೆಯ ನಡುವೆ ಸದ್ದಿಲ್ಲದೆ ಕಳೆದುಹೋಗುತ್ತದೆ. ಅತ್ತೂರಿನ ಸಾಂತ್‌ಮಾರಿ ಎಂಬ ವಾರ್ಷಿಕ ಹಬ್ಬ ನಡೆಯುವುದು ಜನವರಿಯ ಕೊನೆಯ ವಾರದಲ್ಲಿ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಮಾತುಗಳೂ ಆ ಗುಡ್ಡದ ಮೇಲೆ ಕೇಳಿಬರುತ್ತವೆ. ಮೇಣದ ಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಹಿಂದೂಗಳು, ಜೈನರು, ಮುಸಲ್ಮಾನರು ಎಲ್ಲರೂ ಇರುತ್ತಾರೆ. ರೋಗಿಗಳಿಗಾಗಿಯೇ ವಿಶೇಷ ಬಲಿಪೂಜೆಯಿರುತ್ತದೆ. ಆ ಪೂಜೆಗೆ ಬರುವವರನ್ನು ನೋಡಿದರೆ ಪ್ರುಡೆನ್ಷಿಯಸನ ಸಾಲೇ ಕಣ್ಣ ಮುಂದೆ ನಡೆದು ಬಂದಂತಾಗುತ್ತದೆ. ಕೋಲು ಹಿಡಿದವರು, ಮಕ್ಕಳ ಹೆಗಲಿಗೆ ಕೈಯಿಟ್ಟು ನಡೆಯುವ ಕಣ್ಣಿಲ್ಲದವರು, ಗಾಲಿಕುರ್ಚಿಯಲ್ಲಿ ಬರುವವರು, ದಾರಿಯ ಎರಡೂ ಕಡೆ ಬಟ್ಟೆ ಹಾಸಿ ಕುಳಿತವರು.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಬೆಳಿಗ್ಗೆ ನಾನು ಪೂಜೆಗೆ ಹೆಸರು ಬರೆಸುವ ಸಾಲಿನಲ್ಲಿದ್ದೆ. ನನ್ನ ಮುಂದೆ ಘಟ್ಟದ ಮೇಲಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹಣೆಯಲ್ಲಿ ಕುಂಕುಮ, ಸೊಂಟದ ಮೇಲೆ ಕತ್ತು ನಿಲ್ಲದ ನಾಲ್ಕೈದು ವರ್ಷದ ಮಗು. ಮೇಜಿನ ಹಿಂದೆ ಕುಳಿತಿದ್ದ ಸ್ವಯಂಸೇವಕ ಹುಡುಗ ಮಗುವಿನ ಹೆಸರು ಕೇಳಿ ಬರೆದುಕೊಂಡ. ಆಕೆ ಬಗ್ಗಿ ನೋಡಿ, ಹಾಗಲ್ಲ ಎಂದಳು. ಹೆಸರಿನ ಕೊನೆಯ ಅಕ್ಷರ ಅವನಿಗೆ ಸರಿಯಾಗಿ ಕೇಳಿಸಿರಲಿಲ್ಲ. ಅವನು ಹೊಡೆದು ಹಾಕಿ ಮತ್ತೆ ಬರೆದ, ಮತ್ತೆ ತಪ್ಪಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಬೇಗ ಮಾಡಿ ಎಂದರು. ಹುಡುಗ ತಲೆಯೆತ್ತಲಿಲ್ಲ. ಹೊಸ ಸಾಲು ಹಿಡಿದು, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಮೂರನೆಯ ಸಲ ಬರೆದು, ಪುಸ್ತಕವನ್ನು ಆಕೆಯ ಕಡೆಗೆ ತಿರುಗಿಸಿ ಹಿಡಿದ. ಆಕೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಬೆರಳಿಟ್ಟು ನಿಧಾನವಾಗಿ ಓದಿ, "ಹೌದಣ್ಣ, ಈಗ ಸರಿಯಾಯ್ತು" ಎಂದಳು.